ಕಾರವಾರ ಕರಾವಳಿಯಲ್ಲಿ ಮನೆಮಂದಿಯ ಮೀನೂಟ: ಹೊರಡುವ ಮುಂಚಿನಿಂದ ಬಿಲ್ ಕೊಡುವವರೆಗೆ

ಕಾರವಾರದಿಂದ ಭಟ್ಕಳದವರೆಗಿನ ಮೀನೂಟದ ಹೋಟೆಲುಗಳಲ್ಲಿ ಮೆನು ಕಾರ್ಡು ವರ್ಷವಿಡೀ ಒಂದೇ ಇರುತ್ತದೆ, ಸಮುದ್ರ ಮಾತ್ರ ದಿನಕ್ಕೊಂದು ತೆರ. ಕಾರ್ಡಿನಲ್ಲಿ ಇಪ್ಪತ್ತು ಬಗೆ ಮೀನಿನ ಹೆಸರಿದ್ದರೂ ಆ ದಿನ ಬೆಳಗಿನ ಜಾವ ಬೈತಖೋಲಕ್ಕೋ ತದಡಿಗೋ ಹೊನ್ನಾವರಕ್ಕೋ ಬಂದಿಳಿದದ್ದು ನಾಲ್ಕೈದು ಬಗೆ ಇದ್ದೀತು. ಉಳಿದದ್ದು ಐಸ್ ಪೆಟ್ಟಿಗೆಯಿಂದಲೇ ಬರಬೇಕು. ಹುಬ್ಬಳ್ಳಿ, ಬೆಂಗಳೂರು ಕಡೆಯಿಂದ ಬಂದವರು ‘ಕಾರವಾರದ ಮೀನು ಅಂದ್ರು, ಅಂಥಾದ್ದೇನೂ ಅನ್ನಿಸಲಿಲ್ಲ’ ಎಂದು ಹೇಳಿ ಹೋಗುವುದಕ್ಕೆ ಬಹಳ ಸಲ ಇದೇ ಕಾರಣ. ಅವರು ಕಾರ್ಡು ನೋಡಿ ಕೇಳಿರುತ್ತಾರೆ, ಇವತ್ತು ಏನು ಬಂದಿದೆ ಎಂದು ಕೇಳಿರುವುದಿಲ್ಲ. ಜೊತೆಗೆ ಅಜ್ಜಿಯಿಂದ ಮೂರು ವರ್ಷದ ಮಗುವಿನವರೆಗೆ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ ಎಲ್ಲರಿಗೂ ಒಂದೇ ಊಟ ಹೇಳಿರುತ್ತಾರೆ.

ಹೋಟೆಲುಗಳ ಹೆಸರನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ಅಡುಗೆಯವರು ಬದಲಾದರೆ ಹೋಟೆಲೇ ಬದಲಾದ ಹಾಗೆ. ಗುರುತು ಹಿಡಿಯುವ ಬಗೆ ಗೊತ್ತಿದ್ದರೆ ಯಾವ ಊರಿನ ಯಾವ ಖಾನಾವಳಿಗೆ ಹೋದರೂ ಒಳ್ಳೆಯ ಊಟ ಮಾಡಿ ಬರಬಹುದು.

ಮೊದಲು ತಿಂಗಳು ನೋಡಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಅದು. ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ. ಆಗ ನಿಜಕ್ಕೂ ತಾಜಾ ಸಿಗುವುದು ಪಾತಿ ದೋಣಿಯವರು (ಸಣ್ಣ ನಾಡದೋಣಿಯವರು) ದಡದ ಹತ್ತಿರ ಹಿಡಿದದ್ದು, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಹೊಳೆಮೀನು ಮತ್ತು ಗಜನಿಯ (ಹೊಳೆಯ ಉಪ್ಪುನೀರು ನುಗ್ಗುವ ಗದ್ದೆಗಳ) ಸಿಗಡಿ. ಜುಲೈ ತಿಂಗಳಲ್ಲಿ ತಟ್ಟೆಗೆ ದೊಡ್ಡ ಪಾಪ್ಲೆಟ್ (ಪಾಂಫ್ರೆಟ್) ಬಂತು ಎಂದರೆ ಅದು ಶೀತಲಗೃಹದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಅಲ್ಲಿ ನಿಷೇಧ ಏಪ್ರಿಲ್ 15ಕ್ಕೇ ಶುರುವಾಗಿ ಜೂನ್ 14ಕ್ಕೆ ಮುಗಿದಿರುತ್ತದೆ. ಐಸಿನಲ್ಲಿ ಸರಿಯಾಗಿ ಇಟ್ಟ ಮೀನು ತಿನ್ನಲು ಅಡ್ಡಿಯಿಲ್ಲ, ಆದರೆ ಅದಕ್ಕೆ ತಾಜಾ ಮೀನಿನ ದುಡ್ಡು ಕೊಟ್ಟು ಬರಬೇಡಿ. ಮಳೆಗಾಲದಲ್ಲಿ ಬಂದವರು ಒಣಮೀನಿನ ಚಟ್ನಿ, ಕುಚಲಕ್ಕಿ ಅನ್ನ, ಬಿಸಿ ಸಾರು ಕೇಳಿ ಉಣ್ಣುವುದು ಲೇಸು. ಇಲ್ಲಿನ ಮನೆಗಳಲ್ಲೂ ಆ ಎರಡು ತಿಂಗಳು ನಡೆಯುವುದು ಅದೇ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ ಸಿಗಡಿ ಬರತೊಡಗುತ್ತದೆ. ಅದೇ ಹೊತ್ತಿಗೆ ಶ್ರಾವಣವೂ ಬರುವುದರಿಂದ ಎಷ್ಟೋ ಮನೆಗಳಲ್ಲಿ ಮೀನು ಬಿಟ್ಟಿರುತ್ತಾರೆ, ಹೋಟೆಲಿನಲ್ಲಿ ಜಾಗ ಆರಾಮಾಗಿ ಸಿಗುತ್ತದೆ. ಬಂಗುಡೆ, ತಾರ್ಲೆಗೆ (ಬೂತಾಯಿಗೆ) ಮಳೆ ಕಳೆದ ಮೇಲಿನ ತಿಂಗಳುಗಳು ಒಳ್ಳೆಯ ಕಾಲ. ಆಗ ಮೈತುಂಬ ಕೊಬ್ಬಿರುತ್ತದೆ, ಕಾವಲಿಯ ಮೇಲೆ ತನ್ನ ಎಣ್ಣೆಯಲ್ಲೇ ಹುರಿದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪ್ರವಾಸಿಗರು ಹೆಚ್ಚು, ಮೀನು ಕಡಿಮೆ, ದರ ಮೇಲೆ. ಆಗ ಬರುವುದಾದರೆ ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣು, ಕುಮಟೆಯ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ನೋಡದೆ ಹೋಗಬೇಡಿ. ಆ ಈರುಳ್ಳಿಯನ್ನು ಹಸಿಯಾಗಿ ಹೆಚ್ಚಿ ಹುರಿದ ಮೀನಿನ ಜೊತೆ ತಿಂದರೆ ಕಣ್ಣಲ್ಲಿ ನೀರೂ ಬರುವುದಿಲ್ಲ.

ವಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಭಾನುವಾರ ಮಧ್ಯಾಹ್ನ ಎಲ್ಲೆಡೆ ನೂಕುನುಗ್ಗಲು. ಸೋಮವಾರ, ಗುರುವಾರ, ಶನಿವಾರ, ಏಕಾದಶಿ, ಸಂಕಷ್ಟಿಗಳಲ್ಲಿ ಮೀನು ತಿನ್ನದವರು ಬಳಗದಲ್ಲಿ ಒಬ್ಬರಾದರೂ ಇರುತ್ತಾರೆ, ದಿನ ಗೊತ್ತುಮಾಡುವ ಮೊದಲೇ ಮನೆಯ ಹಿರಿಯರನ್ನು ಕೇಳಿ. ಭಟ್ಕಳದಲ್ಲಿ ಬಿರಿಯಾನಿ ಉಣ್ಣುವ ಮನಸ್ಸಿದ್ದರೆ ಶುಕ್ರವಾರ ನಮಾಜಿನ ಹೊತ್ತನ್ನೂ ರಂಜಾನ್ ತಿಂಗಳ ಹಗಲನ್ನೂ ಬಿಟ್ಟು ಹೋಗಿ. ಗೋಕರ್ಣದಲ್ಲಿ ಶಿವರಾತ್ರಿಯ ಆಸುಪಾಸು ಊಟಕ್ಕೆ ಸಾಲು ನಿಲ್ಲಬೇಕಾಗುತ್ತದೆ.

ಹಿಂದಿನ ದಿನ ಒಂದು ಫೋನು

ಆರು ಜನಕ್ಕಿಂತ ಹೆಚ್ಚಿದ್ದರೆ ಹೇಳದೆ ಹೋಗಬೇಡಿ. ಊರಿನ ಖಾನಾವಳಿಗಳಲ್ಲಿ ಎಂಟು ಹತ್ತು ಮೇಜು ಇದ್ದರೆ ಹೆಚ್ಚು. ಸಂಜೆ ನಾಲ್ಕರಿಂದ ಆರರ ನಡುವೆ ಫೋನ್ ಮಾಡಿ, ಆಗ ಗಲ್ಲಾಪೆಟ್ಟಿಗೆಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಫೋನ್ ಮಾಡಿದರೆ ‘ಬನ್ನಿ ಬನ್ನಿ’ ಎಂದಷ್ಟೇ ಹೇಳಿ ಇಡುತ್ತಾರೆ. ಕೇಳಬೇಕಾದ್ದು ಇಷ್ಟು: ಒಟ್ಟು ಇಷ್ಟು ಜನ, ಇಷ್ಟು ಗಂಟೆಗೆ, ಒಂದೇ ಕಡೆ ಕೂರಲು ಜಾಗ ಆಗುತ್ತದೆಯೇ? ಫ್ಯಾಮಿಲಿ ರೂಂ ಬೇರೆ ಇದೆಯೇ? ಕಾರವಾರದ ಎಷ್ಟೋ ಒಳ್ಳೆಯ ಮೀನಿನ ಹೋಟೆಲುಗಳು ಬಾರ್ ಆ್ಯಂಡ್ ರೆಸ್ಟೋರೆಂಟ್ ಆಗಿರುವುದರಿಂದ ಈ ಎರಡನೆಯ ಪ್ರಶ್ನೆ ಬಿಡಬೇಡಿ. ಮಕ್ಕಳು, ಹಿರಿಯರು ಜೊತೆಗಿದ್ದಾಗ ಪಕ್ಕದ ಮೇಜಿನ ಗದ್ದಲ ಊಟ ಕೆಡಿಸುತ್ತದೆ. ಮಂಡಿನೋವಿನವರಿದ್ದರೆ ಮೆಟ್ಟಿಲು ಎಷ್ಟು, ಕೈತೊಳೆಯುವ ಜಾಗ ಕೆಳಗಿದೆಯೇ ಎಂದೂ ಕೇಳಿ.

ಏಡಿ, ತಿಸರೆ (ಚಿಪ್ಪಿನ ಮೀನು), ದೊಡ್ಡ ಪಾಪ್ಲೆಟ್ ಬೇಕಿದ್ದರೆ ಹಿಂದಿನ ದಿನವೇ ಹೇಳಿಡುವುದು ಉತ್ತಮ. ಬೆಳಗ್ಗೆ ಪೇಟೆಗೆ ಹೋಗುವವರಿಗೆ ಲೆಕ್ಕ ಸಿಗುತ್ತದೆ. ಹೇಳಿಟ್ಟು ಹೋಗದೇ ಇರುವುದು ಮಾತ್ರ ತಪ್ಪು. ಅವರು ನಿಮಗಾಗಿ ತಂದ ಮೀನು ಮರುದಿನ ಇನ್ಯಾರದೋ ತಟ್ಟೆಗೆ ಹೋಗುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಮಧ್ಯಾಹ್ನ 12.30ಕ್ಕೆ ಮೇಜಿನ ಮುಂದೆ ಕೂತಿರಿ. ಬೆಳಗ್ಗೆ ತಂದ ಮೀನಿಗೆ ಮಸಾಲೆ ಹಿಡಿದಿರುತ್ತದೆ, ಕಾವಲಿಯ ಎಣ್ಣೆ ಹೊಸತಾಗಿರುತ್ತದೆ. ಎರಡು ಗಂಟೆ ದಾಟಿದರೆ ಸುಕ್ಕೆ (ಕಾಯಿತುರಿಯ ಒಣ ಪದಾರ್ಥ) ತಳ ಕಂಡಿರುತ್ತದೆ, ಸಾರಿಗೆ ನೀರು ಬಿದ್ದಿರುತ್ತದೆ, ಕಾವಲಿಯ ಮೇಲೆ ಸುಟ್ಟ ರವೆಯ ಪುಡಿ ಕಪ್ಪಾಗಿ ಮುಂದಿನ ಮೀನಿಗೆಲ್ಲ ಅಂಟುತ್ತದೆ.

ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಆಯಿತು

ಕಾರವಾರ, ಅಂಕೋಲೆ ಕಡೆ ಬಡಿಸುವವರ ಬಾಯಲ್ಲಿ ಕೊಂಕಣಿ ಹೆಸರು, ಮಂಗಳೂರು ಕಡೆಯಿಂದ ಬಂದವರ ಬಾಯಲ್ಲಿ ತುಳು ಹೆಸರು, ಕಾರ್ಡಿನಲ್ಲಿ ಇಂಗ್ಲಿಷ್ ಹೆಸರು. ಈ ಗೊಂದಲದಲ್ಲಿ ಬೇಕಾದ್ದು ಬಿಟ್ಟು ಬೇಡವಾದ್ದು ಬರುತ್ತದೆ. ಮೀನಿಗೆ ಕೊಂಕಣಿಯಲ್ಲಿ ನುಸ್ತೆ. ಮಂಗಳೂರಿನವರ ಅಂಜಲ್ ಇಲ್ಲಿ ಇಸವಣ, ಗೋವೆಯ ಗಡಿ ಹತ್ತಿರವಾದ್ದರಿಂದ ಸುರ್ಮೈ ಎಂದರೂ ಅದೇ. ಅವರ ಮಾಂಜಿ ಇಲ್ಲಿ ಪಾಪ್ಲೆಟ್, ಕಾಣೆ ಇಲ್ಲಿ ನೋಗ್ಲಿ, ಬೂತಾಯಿ ಇಲ್ಲಿ ತಾರ್ಲೆ, ಮರುವಾಯಿ ಇಲ್ಲಿ ತಿಸರೆ. ಕುಮಟೆಯ ಅಘನಾಶಿನಿ ದಡದವರು ಅದನ್ನೇ ಬೆಳಚು ಎನ್ನುತ್ತಾರೆ. ಸುಂಗಟ ಎಂದರೆ ಸಿಗಡಿ, ಕುರ್ಲಿ ಎಂದರೆ ಏಡಿ. ಬಂಗುಡೆ ಎಲ್ಲರಿಗೂ ಬಂಗುಡೆಯೇ.

ಅಡುಗೆಯ ಹೆಸರೂ ಹಾಗೇ. ಹುಮ್ಮಣ ಎಂದರೆ ತೆಂಗಿನಕಾಯಿ, ಮೆಣಸು, ಹುಳಿ ಅರೆದು ಮಾಡಿದ ಸಾರು. ಸುಕ್ಕೆ ಎಂದರೆ ಕಾಯಿತುರಿ ಹಾಕಿ ನೀರು ಇಂಗಿಸಿದ್ದು, ತಿಸರೆಗೆ ಅದೇ ಚೆಂದ. ಬಂಗುಡೆ, ತಾರ್ಲೆಯಂಥ ಎಣ್ಣೆಮೀನಿನ ಸಾರಿನಲ್ಲಿ ಕಾಳುಮೆಣಸಿಗಿಂತ ದೊಡ್ಡದಾದ, ಬಾಯಿಬಿಟ್ಟ ಕಂದು ಕಾಯಿ ತೇಲುತ್ತಿದ್ದರೆ ಅದು ತೆಪ್ಪಳ, ಘಟ್ಟದ ಮೇಲಿನವರ ಜುಮ್ಮನಕಾಯಿ. ಅದರ ಪರಿಮಳ ಸಾರಿಗೆ ಇಳಿದಿರುತ್ತದೆ. ಕಾಯಿಯನ್ನು ಅಗಿಯಬೇಡಿ, ಬದಿಗಿಡಿ. ಅಗಿದರೆ ನಾಲಗೆ ಜುಮ್ಮೆಂದು ಮುಂದಿನ ನಾಲ್ಕು ತುತ್ತಿಗೆ ರುಚಿಯೇ ತಿಳಿಯುವುದಿಲ್ಲ. ಗೊತ್ತಿಲ್ಲದ ಮಕ್ಕಳು ಇದನ್ನು ಅಗಿದು ಅಳುವುದುಂಟು, ಮೊದಲೇ ಆರಿಸಿ ತೆಗೆದುಬಿಡಿ.

ಎಷ್ಟು ಹೇಳಬೇಕು

ಮೇಜಿಗೆ ಬಂದ ಅಣ್ಣನನ್ನು ಮೊದಲು ಕೇಳಬೇಕಾದ್ದು: ‘ಅಣ್ಣಾ, ಇವತ್ತು ಬೆಳಿಗ್ಗೆ ಬಂದ ಮೀನು ಯಾವುದು?’ ‘ಎಲ್ಲಾ ಫ್ರೆಶ್ಶೇ’ ಎಂಬ ಉತ್ತರ ಬಂದರೆ ಇನ್ನೊಂದು ಕೇಳಿ: ‘ಊಟದ ಸಾರಿಗೆ ಇವತ್ತು ಯಾವ ಮೀನು ಹಾಕಿದ್ದೀರಿ?’ ಸಾರಿಗೆ ಹಾಕುವುದು ಆ ದಿನ ಹೇರಳವಾಗಿ ಬಂದ, ದರ ಇಳಿದ ಮೀನನ್ನು. ಅದೇ ಅವತ್ತಿನ ತಾಜಾ ಮೀನು. ಹುರಿಯಲೂ ಅದನ್ನೇ ಹೇಳಿದರೆ ದುಡ್ಡೂ ಉಳಿಯುತ್ತದೆ, ರುಚಿಯೂ ಸಿಗುತ್ತದೆ. ಪಾಪ್ಲೆಟ್ ಬಂದರೇನೇ ಮೀನೂಟ ಎಂಬ ಹಟ ಬೇಡ. ಅಕ್ಟೋಬರಿನ ಕೊಬ್ಬಿದ ಬಂಗುಡೆಯ ಮುಂದೆ ಐಸಿನ ಪಾಪ್ಲೆಟ್ ಯಾವ ಲೆಕ್ಕಕ್ಕೂ ಇಲ್ಲ.

ಮೀನೂಟ ಅಥವಾ ಥಾಳಿ ಎಂದರೆ ಸಾಮಾನ್ಯವಾಗಿ ಅನ್ನ, ಸಾರು, ಒಂದು ಸುಕ್ಕೆ ಅಥವಾ ಪಲ್ಯ, ಹುರಿದ ಮೀನಿನ ಒಂದು ತುಂಡು, ಸೋಲಕಡಿ (ಮುರುಗಲು, ಕಾಯಿಹಾಲಿನ ಪಾನೀಯ), ಉಪ್ಪಿನಕಾಯಿ, ಕೆಲವೆಡೆ ಚಪಾತಿ. ಅನ್ನ, ಸಾರು ಮತ್ತೆ ಬಡಿಸುತ್ತಾರೆ, ಹುರಿದ ಮೀನು ಮತ್ತೆ ಬೇಕಾದರೆ ಬೇರೆ ದುಡ್ಡು. ಸೋಲಕಡಿ ಕೆಲವು ಕಡೆ ಒಂದೇ ಲೋಟ. ಕೂತ ಕೂಡಲೇ ಇದನ್ನು ಕೇಳಿಕೊಂಡರೆ ಆಮೇಲೆ ಬಿಲ್ಲಿನ ಮುಂದೆ ಮಾತಿಗೆ ಮಾತು ಬೆಳೆಯುವುದಿಲ್ಲ. ಅನ್ನ ಕುಚಲಕ್ಕಿಯದೋ ಬೆಳ್ತಿಗೆಯದೋ (ಕುದಿಸದ ಬಿಳಿ ಅಕ್ಕಿಯದೋ) ಎಂದೂ ಕೇಳಿ. ಹುಳಿ-ಖಾರದ ಹುಮ್ಮಣಕ್ಕೆ ಕೆಂಪು ಕುಚಲಕ್ಕಿಯೇ ಸರಿ. ರೂಢಿಯಿಲ್ಲದ ಮಕ್ಕಳಿಗೆ ಮಾತ್ರ ಬೆಳ್ತಿಗೆ ಹೇಳಿ.

ಎಂಟು ಜನರ ಒಂದು ಬಳಗವನ್ನೇ ತೆಗೆದುಕೊಳ್ಳೋಣ: ನಾಲ್ವರು ದೊಡ್ಡವರು, ಮೀನು ತಿನ್ನುವ ಅಜ್ಜ, ಆ ದಿನ ಸೋಮವಾರವಾದ್ದರಿಂದ ತಿನ್ನದ ಅಜ್ಜಿ, ಐದರಿಂದ ಎಂಟು ವರ್ಷದ ಇಬ್ಬರು ಮಕ್ಕಳು. ಇವರಿಗೆ ಐದು ಮೀನೂಟ, ಒಂದು ಸಸ್ಯಾಹಾರಿ ಊಟ, ಮಕ್ಕಳಿಗೆ ಒಂದು ಪ್ಲೇಟ್ ಅನ್ನ, ದಾಲ್, ಖಾರ ಕಡಿಮೆ ಹಾಕಿ ಹುರಿದ ಎರಡು ತುಂಡು ಇಸವಣ. ಮೇಜಿನ ನಡುವೆ ಎಲ್ಲರಿಗೂ ಸೇರಿ ಒಂದು ತಿಸರೆ ಸುಕ್ಕೆ, ಒಂದು ಸಿಗಡಿ. ಮೊದಲು ಇಷ್ಟೇ ಸಾಕು. ಬೇರೆ ಸಾರು ಹೇಳಬೇಡಿ, ಊಟದ ಸಾರೇ ಮತ್ತೆ ಬರುತ್ತದೆ. ಹತ್ತು ನಿಮಿಷ ಉಂಡು, ಯಾವುದು ಚೆನ್ನಾಗಿದೆ ಎಂದು ನೋಡಿ ಎರಡನೆಯ ಸಲ ಹುರಿದ ಮೀನು ತರಿಸಿ. ಬಿಸಿಬಿಸಿಯಾಗಿ ಎರಡು ಸಲ ಬರುವುದು, ಒಂದೇ ಸಲ ಬಂದು ತಣ್ಣಗಾಗುವುದಕ್ಕಿಂತ ಎಷ್ಟೋ ಮೇಲು.

ತೂಕದ ಲೆಕ್ಕದಲ್ಲಿ ಮೋಸ ಹೋಗುವವರೇ ಹೆಚ್ಚು. ಕಾರ್ಡಿನಲ್ಲಿ ಪಾಪ್ಲೆಟ್, ಏಡಿ, ದೊಡ್ಡ ಸಿಗಡಿಗಳ ಮುಂದೆ ದರದ ಬದಲು ‘ಆ್ಯಸ್ ಪರ್ ಸೈಜ್’ ಎಂದಿರುತ್ತದೆ. ಹಾಗಿದ್ದಲ್ಲಿ ಮೀನನ್ನು ಹಸಿಯಾಗಿ ಮೇಜಿಗೆ ತಂದು ತೋರಿಸಲು ಹೇಳಿ, ಅದರ ದರ ಎಷ್ಟೆಂದು ಆಗಲೇ ಕೇಳಿ. ಹಾಗೆ ಕೇಳುವುದು ಮರ್ಯಾದೆಗೇಡಿನ ಮಾತಲ್ಲ. ಒಳ್ಳೆಯ ಹೋಟೆಲಿನವರು ತಾವಾಗಿಯೇ ತಟ್ಟೆಯಲ್ಲಿಟ್ಟು ತೋರಿಸುತ್ತಾರೆ. ಇಡೀ ಪಾಪ್ಲೆಟ್‌ನಲ್ಲಿ ತಲೆ, ಮುಳ್ಳು, ಹೊಟ್ಟೆ ಕಳೆದು ತಿನ್ನಲು ಸಿಗುವುದು ಹೆಚ್ಚುಕಡಿಮೆ ಅರ್ಧ. ಹೀಗಾಗಿ ನಾನೂರು ಗ್ರಾಂ ಮೀನು ಇಬ್ಬರಿಗೆ, ನಾಲ್ವರಿಗಲ್ಲ. ಏಡಿಯಲ್ಲಿ ಮಾಂಸ ಇನ್ನೂ ಕಡಿಮೆ, ತಿಸರೆಯಲ್ಲಿ ಬಹುಪಾಲು ಚಿಪ್ಪೇ. ಏಡಿಯನ್ನು ಕೈಯಲ್ಲಿ ಹಿಡಿದು ನೋಡಲು ಬಿಟ್ಟರೆ ಒಂದೇ ಗಾತ್ರದ ಎರಡರಲ್ಲಿ ಭಾರ ಇರುವುದನ್ನು ಆರಿಸಿ. ಚಿಪ್ಪು ಕಳಚಿ ಹೊಸತು ಬಂದ ಏಡಿ ಗಾತ್ರದಲ್ಲಿ ದೊಡ್ಡದಾಗಿ ಕಂಡರೂ ಒಳಗೆ ನೀರು.

ಹುರಿಯುವ ಬಗೆ ಮೂರು: ರವೆ ಫ್ರೈ, ಮಸಾಲಾ ಫ್ರೈ, ಬರೀ ಉಪ್ಪು-ಅರಿಶಿನ-ಖಾರ ಹಚ್ಚಿದ ತವಾ ಫ್ರೈ. ಹೊಸ ಹೋಟೆಲಿಗೆ ಹೋದಾಗ ಮೊದಲ ತುಂಡು ತವಾ ಫ್ರೈಯನ್ನೇ ಹೇಳಿ. ರವೆಯ ಕವಚದಡಿ, ದಪ್ಪ ಮಸಾಲೆಯಡಿ ಮೀನಿನ ವಯಸ್ಸು ತಿಳಿಯುವುದಿಲ್ಲ.

ತಟ್ಟೆ ಬಂದ ಮೇಲೆ

ಹಸಿಮೀನನ್ನು ಕಣ್ಣು, ಕಿವಿರು ನೋಡಿ ಗುರುತಿಸಬಹುದು. ಉಬ್ಬಿದ ತಿಳಿಗಣ್ಣು, ಕೆಂಪು ಕಿವಿರು, ಒತ್ತಿದರೆ ಮತ್ತೆ ಮೇಲೇಳುವ ಮೈ ತಾಜಾತನದ ಲಕ್ಷಣ. ಹುರಿದು ಬಂದ ಮೀನನ್ನು ಗುರುತಿಸುವುದು ಹೇಗೆ? ಬೆನ್ನಿನ ಕಡೆಯಿಂದ ಒಂದು ಚೂರು ಎತ್ತಿ ನೋಡಿ. ತಾಜಾ ಮೀನಾದರೆ ಮಾಂಸ ದಪ್ಪ ಪದರವಾಗಿ ಬಿಡಿಸಿಕೊಂಡು ಬರುತ್ತದೆ, ಹಿಡಿದರೆ ಬಿಗಿಯಾಗಿರುತ್ತದೆ, ನಡುಮುಳ್ಳು ಸ್ವಚ್ಛವಾಗಿ ಕಾಣುತ್ತದೆ. ಹಳೆಯದಾದರೆ ಹಿಟ್ಟಿನಂತೆ ಪುಡಿಯಾಗುತ್ತದೆ, ಇಲ್ಲವೇ ಮೆತ್ತಗೆ ಬೆರಳಿಗಂಟುತ್ತದೆ. ಬಂಗುಡೆ, ತಾರ್ಲೆಯಲ್ಲಿ ಹೊಟ್ಟೆಯ ಭಾಗ ಹರಿದು ಚಿಂದಿಯಾಗಿದ್ದರೆ ಹುರಿಯುವ ಮೊದಲೇ ಮೆತ್ತಗಾಗಿತ್ತು ಎಂದರ್ಥ. ರವೆ ಫ್ರೈಯ ರವೆ ಸಿಪ್ಪೆಯಂತೆ ಕಳಚಿ ಬೀಳುತ್ತಿದ್ದರೆ ಐಸಿನಿಂದ ತೆಗೆದ ಮೀನಿನ ನೀರು ಸರಿಯಾಗಿ ಆರಿಲ್ಲ. ನೀರು ಬಿಟ್ಟ ಮೈಗೆ ರವೆ ಹಿಡಿಯುವುದಿಲ್ಲ.

ಒಂದು ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಬಂಗುಡೆ, ತಾರ್ಲೆ, ಟ್ಯೂನಾ ಬಾಯಿಗಿಟ್ಟ ಕೂಡಲೇ ಖಾರವಲ್ಲದ ಒಂದು ಚುರುಕು, ನಾಲಗೆ ತುದಿಯಲ್ಲಿ ಕಾಳುಮೆಣಸು ಕಚ್ಚಿದಂಥ ಉರಿ ಬಂದರೆ ಆ ತುತ್ತನ್ನು ಉಗಿದು ತಟ್ಟೆ ಬದಿಗಿಡಿ. ಈ ಮೀನುಗಳನ್ನು ಹಿಡಿದ ಮೇಲೆ ಐಸಿಗೆ ಹಾಕಲು ತಡವಾದರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತಲೆನೋವು, ಮೈತುರಿಕೆ, ವಾಂತಿ ಶುರುವಾಗಬಹುದು. ಉಸಿರು ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಕೆಟ್ಟಿದ್ದು ಮೀನು, ನೀವು ಕೇಳುವುದು ತಪ್ಪಲ್ಲ. ಬಡಿಸುವವರ ಮೇಲೆ ಕೂಗಾಡದೆ ಗಲ್ಲಾದವರನ್ನು ಕರೆದು ಮೆಲ್ಲಗೆ ತೋರಿಸಿ, ಬದಲಿಸಿ ಕೊಡುವವರೇ ಹೆಚ್ಚು.

ತಿಸರೆಯಲ್ಲಿ ಮರಳು ಹಲ್ಲಿಗೆ ಸಿಕ್ಕರೆ ಅದನ್ನು ಉಪ್ಪುನೀರಿನಲ್ಲಿ ಸಾಕಷ್ಟು ಹೊತ್ತು ಬಿಟ್ಟಿಲ್ಲ ಎಂದು ತಿಳಿಯಿರಿ. ಚಿಪ್ಪುಸಮೇತ ಬೇಯಿಸಿದ್ದರಲ್ಲಿ ಬಾಯಿ ಬಿಡದೇ ಉಳಿದದ್ದನ್ನು ತೆಗೆದಿಡಿ, ಒತ್ತಿ ತೆರೆದು ತಿನ್ನಬೇಡಿ. ಸಿಗಡಿ, ಏಡಿ, ತಿಸರೆ ಮೊದಲ ಸಲ ತಿನ್ನುವ ಮಗುವಿಗೆ ಒಂದೇ ಚೂರು ಕೊಟ್ಟು ಸ್ವಲ್ಪ ಕಾದು ನೋಡುವುದು ಒಳ್ಳೆಯದು. ಕೆಲವರಿಗೆ ಚಿಪ್ಪಿನ ಜೀವಿಗಳು ಆಗಿಬರುವುದಿಲ್ಲ.

ಸೋಲಕಡಿಯ ಗುಲಾಬಿ ಬಣ್ಣ ಮುರುಗಲಿನ ಸಿಪ್ಪೆಯದ್ದು, ಬಿಳುಪು ಕಾಯಿಹಾಲಿನದ್ದು. ನಿಜವಾದದ್ದರ ಬಣ್ಣ ತುಸು ಮಸುಕು. ಸ್ವಲ್ಪ ಹೊತ್ತು ಇಟ್ಟರೆ ಕಾಯಿಹಾಲು ಮೇಲೆ ಕಟ್ಟಿ ಅಡಿಯಲ್ಲಿ ಕೆಂಪು ನಿಲ್ಲುತ್ತದೆ, ಅದು ದೋಷವಲ್ಲ, ಕಲಕಿ ಕುಡಿಯಿರಿ. ಮೂಗಿಗೆ ಹಳಸಿದ ವಾಸನೆ ಬಂದರೆ ಮಾತ್ರ ಕಾಯಿಹಾಲು ಕೆಟ್ಟಿದೆ, ಬಿಸಿಲಿನ ದಿನ ಮಧ್ಯಾಹ್ನ ತಡವಾಗಿ ಹೋದವರಿಗೆ ಇದು ಆಗುತ್ತದೆ. ಬೆಳ್ಳುಳ್ಳಿ, ಹಸಿಮೆಣಸು ಹಾಕಿರುವುದರಿಂದ ಮಕ್ಕಳಿಗೆ ಕೊಡುವ ಮೊದಲು ನೀವೊಂದು ಗುಟುಕು ಕುಡಿದು ನೋಡಿ.

ಮಕ್ಕಳಿಗೆ ಬಂಗುಡೆ ಬಿಡಿಸಿಕೊಡುವ ಬಗೆ

ಮುಳ್ಳಿಗೆ ಹೆದರಿ ಮಕ್ಕಳಿಗೆ ಮೀನೇ ಕೊಡದೆ ಚಿಕನ್ ಫ್ರೈಡ್ ರೈಸ್ ಹೇಳುವವರನ್ನು ಕಂಡರೆ ಬೇಸರವಾಗುತ್ತದೆ. ಬಿಡಿಸುವ ಕ್ರಮ ಗೊತ್ತಿದ್ದರೆ ಹೆದರಬೇಕಿಲ್ಲ.

ಹುರಿದ ಬಂಗುಡೆಯನ್ನು ತಟ್ಟೆಯಲ್ಲಿ ಅಡ್ಡ ಮಲಗಿಸಿ, ಬೆನ್ನು ನಿಮ್ಮ ಕಡೆಗಿರಲಿ. ಎರಡು ನಿಮಿಷ ಆರಲು ಬಿಡಿ, ಕುದಿಬಿಸಿ ಇದ್ದಾಗ ಮಾಂಸ ಮುಳ್ಳಿಗೆ ಅಂಟಿಕೊಂಡಿರುತ್ತದೆ. ತಲೆಯಿಂದ ಬಾಲದವರೆಗೆ ಮೈಯ ನಟ್ಟನಡುವೆ ಒಂದು ಗೆರೆ ಕಾಣುತ್ತದೆ. ಅದರ ಮೇಲೆ ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಗೀರಿ. ಗೆರೆಯ ಈಚೆಗಿನ, ಬೆನ್ನಿನ ಕಡೆಯ ಮಾಂಸವನ್ನು ಬೆರಳಿನಿಂದ ನಿಮ್ಮತ್ತ ಸರಿಸಿದರೆ ಉದ್ದಕ್ಕೆ ಒಂದೇ ತುಂಡಾಗಿ ಬರುತ್ತದೆ. ಮಗುವಿಗೆ ಕೊಡಬೇಕಾದ್ದು ಈ ತುಂಡು. ಅಂಚಿನಲ್ಲಿ ರೆಕ್ಕೆಯ ಸಣ್ಣ ಮುಳ್ಳಿನ ಸಾಲು ಇರುತ್ತದೆ, ಅದನ್ನು ಚಿವುಟಿ ತೆಗೆಯಿರಿ. ಹೊಟ್ಟೆಯ ಕಡೆಯ ಮಾಂಸದಲ್ಲಿ ಪಕ್ಕೆಲುಬಿನ ಕೂದಲಿನಂಥ ಮುಳ್ಳುಗಳಿವೆ, ಅದು ದೊಡ್ಡವರ ಪಾಲು. ಈಗ ಬಾಲ ಹಿಡಿದು ನಡುಮುಳ್ಳನ್ನು ಮೇಲೆತ್ತಿದರೆ ತಲೆಯ ಸಮೇತ ಬಾಚಣಿಗೆಯಂತೆ ಎದ್ದು ಬರುತ್ತದೆ, ಕೆಳಗೆ ಇನ್ನೊಂದು ಮಗ್ಗುಲು ಬಿಡಿಸಿಯೇ ಇರುತ್ತದೆ. ಬಿಡಿಸಿದ ಮಾಂಸವನ್ನು ಎರಡು ಬೆರಳ ನಡುವೆ ಒಮ್ಮೆ ಹಿಸುಕಿ ನೋಡಿಯೇ ಕೊಡಿ. ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಸಿಗುತ್ತದೆ. ಅನ್ನದಲ್ಲಿ ಕಲಸುವ ಮುಂಚೆ ಮಾಡಬೇಕಾದ ಕೆಲಸ ಇದು, ಕಲಸಿದ ಮೇಲೆ ಮುಳ್ಳು ಹುಡುಕಲಾಗದು.

ತೀರಾ ಚಿಕ್ಕ ಮಕ್ಕಳಿಗೆ ಇಸವಣದ ದುಂಡು ತುಂಡು ಸುಲಭ, ನಡುವೆ ಒಂದು ದಪ್ಪ ಮುಳ್ಳು, ಸುತ್ತ ಬರೀ ಮಾಂಸ. ನೋಗ್ಲಿಯೂ ಒಳ್ಳೆಯದು. ತಾರ್ಲೆಯನ್ನು ಮಾತ್ರ ಏಳೆಂಟು ವರ್ಷದವರೆಗೆ ಕೊಡದಿದ್ದರೆ ವಾಸಿ.

ಇಷ್ಟಾಗಿಯೂ ಗಂಟಲಲ್ಲಿ ಮುಳ್ಳು ಚುಚ್ಚಿಕೊಂಡರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವ ಹಳೆಯ ಉಪಾಯ ಮಾಡಬೇಡಿ. ಮುಳ್ಳು ಇನ್ನಷ್ಟು ಆಳಕ್ಕೆ ಇಳಿಯುವುದುಂಟು. ಕೆಮ್ಮಲು ಬಿಡಿ, ಒಂದೆರಡು ಗುಟುಕು ನೀರು ಕೊಡಿ. ಆಗಲೂ ಚುಚ್ಚುತ್ತಿದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ, ಸಾಮಾನ್ಯವಾಗಿ ಅವರು ಚಿಮಟದಲ್ಲೇ ತೆಗೆಯುತ್ತಾರೆ.

ಮೀನು ತಿನ್ನದವರನ್ನು ಮರೆಯಬೇಡಿ

ಮೀನಿನ ಹೋಟೆಲಿನಲ್ಲಿ ಸಸ್ಯಾಹಾರಿ ಊಟ ಇದ್ದೇ ಇರುತ್ತದೆ, ಆದರೆ ಅದೇ ಎಣ್ಣೆ, ಅದೇ ಸೌಟು. ಹಿರಿಯರು ಕಟ್ಟುನಿಟ್ಟಿನವರಾದರೆ ‘ಹೊಂದಿಕೊಳ್ಳಿ’ ಎನ್ನಬೇಡಿ, ಒಂದು ಸಲ ಹೋಗಿ ಬರೀ ಮೊಸರನ್ನ ಉಂಡು ಬಂದವರು ಮತ್ತೆ ನಿಮ್ಮ ಜೊತೆ ಹೊರಡುವುದಿಲ್ಲ. ಎರಡು ದಾರಿಗಳಿವೆ. ಪ್ರತ್ಯೇಕ ಅಡುಗೆಮನೆ ಇರುವ ಹೋಟೆಲು ಹುಡುಕುವುದು ಒಂದು. ಒಂದು ಹೊತ್ತು ಮೀನೂಟ, ಇನ್ನೊಂದು ಹೊತ್ತು ಎಲ್ಲರೂ ಸೇರಿ ಸಸ್ಯಾಹಾರಿ ಊಟ ಎಂದು ಮೊದಲೇ ಗೊತ್ತುಮಾಡುವುದು ಇನ್ನೊಂದು. ಈ ಎರಡನೆಯದೇ ಮೇಲು. ಗೋಕರ್ಣದ ದೇವಸ್ಥಾನದ ಸುತ್ತಲ ಬೀದಿಗಳಲ್ಲಿ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅದಕ್ಕೆ ಅನುಕೂಲವಿದೆ.

ಶಿರಸಿಯಲ್ಲಿ ಪೇಟೆಯ ಹೋಟೆಲಿನ ‘ಮೀಲ್ಸ್’ ಬೇರೆ, ಹವ್ಯಕರ ಊಟ ಬೇರೆ. ಎರಡನೆಯದು ಬೇಕಾದರೆ ಹೋಂಸ್ಟೇಗೋ ಅಡುಗೆ ಮಾಡಿಕೊಡುವ ಮನೆಗೋ ಒಂದು ದಿನ ಮುಂಚೆ ಹೇಳಬೇಕು. ಬಾಳೆಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕುತ್ತಾರೆ. ಅನ್ನಕ್ಕೆ ಮೊದಲು ಬರುವುದು ತಂಬುಳಿ, ಅದನ್ನು ಸಾಂಬಾರು ಬರಲಿ ಎಂದು ಕಾಯುತ್ತಾ ಬಿಡಬೇಡಿ. ಒಂದೆಲಗ, ಸಂಬಾರಬಳ್ಳಿ, ದಾಳಿಂಬೆ ಸಿಪ್ಪೆ, ಯಾವುದರದ್ದಾದರೂ ಇರಬಹುದು. ತಣ್ಣಗಿನ ಈ ಮಜ್ಜಿಗೆಯ ಪದಾರ್ಥ ಹಿರಿಯರಿಗೂ ಮಕ್ಕಳಿಗೂ ಹೊಟ್ಟೆಗೆ ಹಿತ. ಅಪ್ಪೆಹುಳಿಯನ್ನು (ಮಾವಿನಕಾಯಿಯ ತೆಳು ಹುಳಿಸಾರನ್ನು) ಲೋಟದಲ್ಲಿ ಕೇಳಿ ಕುಡಿಯಿರಿ. ಮಳೆಗಾಲದಲ್ಲಿ ಹೋದರೆ ಕೆಸುವಿನ ಪತ್ರೊಡೆ, ಆಲೆಮನೆಯ ಕಾಲವಾದರೆ ತೊಡದೇವು ಇದೆಯೇ ಎಂದು ವಿಚಾರಿಸಿ. ಕಾದ ಮಡಕೆಯ ಬೆನ್ನಿನ ಮೇಲೆ ಕಬ್ಬಿನ ಹಾಲು, ಅಕ್ಕಿಹಿಟ್ಟಿನ ತೆಳುಹಿಟ್ಟು ಬಳಿದು ಕಾಗದದಂತೆ ಎಬ್ಬಿಸುವ ಈ ತಿಂಡಿಗೆ ತುಪ್ಪ ಸವರಿ ಕೂಡಲೇ ತಿನ್ನಬೇಕು, ಗಾಳಿಗಿಟ್ಟರೆ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವ ದಿನಗಳಲ್ಲಿ ಮಾತ್ರ ಶಿರಸಿಗೆ ಊಟಕ್ಕೆಂದೇ ಹೋಗಬೇಡಿ, ಮೇಜು ಸಿಗುವುದು ಕಷ್ಟ.

ಘಟ್ಟದ ದಾರಿ ಮತ್ತು ಹೊಟ್ಟೆ

ಹುಬ್ಬಳ್ಳಿಯಿಂದ ಅಂಕೋಲೆಗೆ ಅರಬೈಲ್ ಘಟ್ಟ, ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ. ಎರಡರಲ್ಲೂ ತಿರುವು ಜಾಸ್ತಿ. ಮಕ್ಕಳಿಗೆ ಘಟ್ಟ ಇಳಿಯುವ ಮುಂಚೆ ಇಡ್ಲಿ, ಅವಲಕ್ಕಿಯಂಥ ಹಗುರ ತಿಂಡಿ ಸಾಕು, ಹಾಲು ಬೇಡ. ಮೀನೂಟ ಮುಗಿಸಿ ಘಟ್ಟ ಹತ್ತುವವರು ಕನಿಷ್ಠ ಒಂದು ಗಂಟೆ ಕಡಲ ದಂಡೆಯಲ್ಲಿ ಕೂತು ಹೊರಡಿ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗುಡ್ಡ ಕಡಿದು ರಸ್ತೆ ಮಾಡಿದ ಕಡೆ, ಗುಡ್ಡದ ಬುಡದಲ್ಲಿರುವ ಚಹಾದಂಗಡಿ, ಢಾಬಾಗಳ ಮುಂದೆ ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆಬದಿಯಲ್ಲಿ ಚಹಾ ಹೋಟೆಲು ನಡೆಸುತ್ತಿದ್ದ ಕುಟುಂಬವೇ ಮಣ್ಣಿನಡಿ ಸಿಕ್ಕಿತು, ಅಲ್ಲಿ ನಿಂತಿದ್ದ ಲಾರಿ ಗಂಗಾವಳಿ ಹೊಳೆಗೆ ಹೋಯಿತು. ಜೋರು ಮಳೆಯ ದಿನ ಪೇಟೆಯೊಳಗಿನ ಹೋಟೆಲಿಗೇ ಹೋಗಿ.

ಬಿಲ್ ಬಂದಾಗ

ಬಿಲ್ಲನ್ನು ಮೇಜಿನ ಮೇಲೇ ಓದಿ. ಊರಿನ ಸಾಮಾನ್ಯ ರೆಸ್ಟೋರೆಂಟುಗಳಿಗೆ ಜಿಎಸ್‌ಟಿ ಶೇ. 5. ಊಟದ ಮೊತ್ತ 2,400 ರೂಪಾಯಿ ಆಗಿದ್ದರೆ ಕೇಂದ್ರದ ಪಾಲು 60, ರಾಜ್ಯದ ಪಾಲು 60, ಒಟ್ಟು 2,520. ಶೇ. 18 ಬರುವುದು ಸಾಮಾನ್ಯವಾಗಿ ಕೋಣೆಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ರೆಸಾರ್ಟುಗಳಲ್ಲಿನ ಊಟಕ್ಕೆ. ಸಣ್ಣ ಹೋಟೆಲುಗಳು ಕಾಂಪೋಸಿಷನ್ ಪದ್ಧತಿಯಲ್ಲಿದ್ದರೆ (ವಹಿವಾಟಿನ ಮೇಲೆ ತೆರಿಗೆಯನ್ನು ತಾವೇ ಕಟ್ಟುವವರಾದರೆ) ಗಿರಾಕಿಯಿಂದ ಪ್ರತ್ಯೇಕವಾಗಿ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇಲ್ಲದೆ ತೆರಿಗೆ ಹಾಕಿದ್ದರೆ ಕೇಳಿ. ‘ಸರ್ವಿಸ್ ಚಾರ್ಜ್’ ಎಂದು ತಾವಾಗಿ ಸೇರಿಸಿದ್ದರೆ ತೆಗೆಯಲು ಹೇಳುವ ಹಕ್ಕು ನಿಮಗಿದೆ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಡಿಸಿದವರಿಗೆ ಕೊಡಬೇಕೆನಿಸಿದ್ದನ್ನು ಅವರ ಕೈಗೇ ಕೊಡಿ. ಬಿಲ್ಲಿನ ತಟ್ಟೆಯಲ್ಲಿ ಬಿಟ್ಟದ್ದು ಎಲ್ಲ ಕಡೆ ಅವರಿಗೆ ಸೇರುತ್ತದೆ ಎನ್ನುವಂತಿಲ್ಲ.

ಗೆಳೆಯರ ಗುಂಪಾದರೆ ದುಡ್ಡು ಹಂಚಿಕೊಳ್ಳುವ ಲೆಕ್ಕವನ್ನು ಊಟಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ಸಸ್ಯಾಹಾರಿ ಊಟ ಮಾಡಿದವರಿಗೂ ಏಡಿ ತಿಂದವರಿಗೂ ಸಮಪಾಲು ಹಾಕುವುದು ನ್ಯಾಯವಲ್ಲ. ಊಟಗಳ ದುಡ್ಡು ಅವರವರದ್ದು, ನಡುವೆ ಇಟ್ಟು ತಿಂದದ್ದು ಮಾತ್ರ ತಿಂದವರ ನಡುವೆ ಸಮ ಎಂದರೆ ಯಾರಿಗೂ ಕಸಿವಿಸಿ ಇಲ್ಲ.

ಉಳಿದದ್ದನ್ನು ಕಟ್ಟಿಸಿಕೊಳ್ಳುವಾಗ ಮೀನಿನ ಸಾರನ್ನು ಒಂದು ಡಬ್ಬಿಗೆ, ಅನ್ನವನ್ನು ಇನ್ನೊಂದಕ್ಕೆ ಹಾಕಿಸಿ. ಹುರಿದ ಮೀನನ್ನು ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದರೆ ಹಬೆಗೆ ರವೆ ಒದ್ದೆಯಾಗುತ್ತದೆ, ಬಾಳೆಎಲೆಯಲ್ಲೋ ಕಾಗದದಲ್ಲೋ ಸುತ್ತಿಸಿ. ಬಿಸಿಲಿಗೆ ನಿಂತ ಕಾರಿನಲ್ಲಿ ಇವನ್ನು ಬಿಟ್ಟು ದಂಡೆಗೆ ಹೋಗಬೇಡಿ. ಎರಡು ಗಂಟೆಯೊಳಗೆ ಮನೆಗೋ ಫ್ರಿಜ್ಜಿಗೋ ಮುಟ್ಟುವುದಾದರೆ ಮಾತ್ರ ಕಟ್ಟಿಸಿ. ಸಿಗಡಿ, ತಿಸರೆಯನ್ನಂತೂ ಅಲ್ಲೇ ತಿಂದು ಮುಗಿಸಿ. ಬಂಗುಡೆಯ ಹುಮ್ಮಣ ಉಳಿದಿದ್ದರೆ ರಾತ್ರಿ ಒಮ್ಮೆ ಚೆನ್ನಾಗಿ ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಬೆಳಗ್ಗೆ ಮತ್ತೆ ಕುದಿಸಿದಾಗ ಹುಳಿ, ತೆಪ್ಪಳ ಮೀನಿನೊಳಕ್ಕೆ ಇಳಿದಿರುತ್ತದೆ, ಬಿಸಿ ಗಂಜಿಗೆ ಅದನ್ನು ಹಾಕಿಕೊಂಡು ಉಣ್ಣಿ.